ಪೊಟ್ಟಣ ಕಟ್ಟುವ ವಿದ್ಯೆ

ಹಳೆಯ ಕಾಲದ ಕಿರಾಣಿ ಅಂಗಡಿಯ ಪೊಟ್ಟಣವನ್ನು ನೆನಪಿಸಿಕೊಳ್ಳಿ. ಹಳೇ ಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ, ಅದರೊಳಗೆ ತೊಗರಿಬೇಳೆ ಸುರಿದು, ಬಾಯಿ ಮಡಿಸಿ, ತಲೆಯ ಮೇಲೆ ತೂಗುವ ಉಂಡೆಯಿಂದ ದಾರ ಎಳೆದು ನಾಲ್ಕು ಸುತ್ತು ಸುತ್ತಿದರೆ ಕೆಲಸ ಮುಗಿಯಿತು. ನೋಡಲು ಬಲು ಸುಲಭ. ಆದರೆ ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಕಟ್ಟಿದ ಪೊಟ್ಟಣ ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ದಾರ ಬಿಗಿಯುವುದನ್ನು ಅವನು ಒಂದು ವಾರದಲ್ಲಿ ಕಲಿತಾನು. ಬೇಳೆಯಲ್ಲಿ ಕಲ್ಲಿದೆಯೇ ಎಂದು ನೋಡುವುದು, ತೂಕ ತಪ್ಪದಿರುವುದು, ಬೇಳೆ ಎಲ್ಲಿಂದ ಬಂದಿತೆಂದು ಕೇಳಿದರೆ ಉತ್ತರ ಹೇಳಬಲ್ಲವನಾಗುವುದು, ಇವೆಲ್ಲ ನಿಧಾನವಾಗಿ ಬರುವ ವಿದ್ಯೆ.

ಕಂಪ್ಯೂಟರ್ ಲೋಕದಲ್ಲೂ ಪೊಟ್ಟಣ ಕಟ್ಟುವವರಿದ್ದಾರೆ. ಅವರ ಸರಕು ತಂತ್ರಾಂಶ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುವವರು ಪತ್ರ ಬರೆಯುವ ತಂತ್ರಾಂಶವಾಗಲಿ, ಚಿತ್ರ ತಿದ್ದುವ ತಂತ್ರಾಂಶವಾಗಲಿ, ಕನ್ನಡದ ಅಕ್ಷರಶೈಲಿಯಾಗಲಿ, ಹೆಚ್ಚಾಗಿ ಯಾರೋ ಕಟ್ಟಿಟ್ಟ ಪೊಟ್ಟಣದ ರೂಪದಲ್ಲಿಯೇ ಅದನ್ನು ಪಡೆಯುತ್ತಾರೆ. ಇದಕ್ಕೆ ಪ್ಯಾಕೇಜ್ ಎಂದು ಹೆಸರು. ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು, ಪ್ಯಾಕೇಜು ಇಳಿದು ಬಂದು, ತನ್ನ ಜಾಗದಲ್ಲಿ ತಾನೇ ಕುಳಿತು ಕೆಲಸ ಆರಂಭಿಸುತ್ತದೆ.

ಇದನ್ನು ಕಟ್ಟುವವರು ಯಾರು? ಅವರಿಗೆ ಈ ವಿದ್ಯೆ ಕಲಿಸಿದವರು ಯಾರು? ಎಲ್ಲಕ್ಕಿಂತ ಮಿಗಿಲಾಗಿ, ಮುಖವನ್ನೇ ನೋಡದ ಹೊಸಬನೊಬ್ಬನ ಕೈಗೆ ಲಕ್ಷಾಂತರ ಯಂತ್ರಗಳ ಬೀಗದಕೈ ಕೊಡುವುದು ಹೇಗೆ? ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮೂರು ದಶಕಗಳ ಚರಿತ್ರೆಯನ್ನು ನೋಡಿದರೆ, ಅದು ಬಹುಮಟ್ಟಿಗೆ ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯೇ ಆಗಿದೆ.

ಡೆಬ್ರಾ ಮತ್ತು ಇಯಾನ್

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹೊರಗೆ ಬಿಟ್ಟರು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಎಂಬ ಯೋಜನೆಯನ್ನು ಘೋಷಿಸಿ ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳನ್ನು ಕೂಡಿಸತೊಡಗಿದ್ದರು. ಎರಡೂ ಸೇರಿದಾಗ ಒಂದು ಪೂರ್ಣ ವ್ಯವಸ್ಥೆಗೆ ಬೇಕಾದ ಸಾಮಾನು ಸಿದ್ಧವಾಯಿತು. ಆದರೆ ಸಾಮಾನು ಇದ್ದ ಮಾತ್ರಕ್ಕೆ ಅಡಿಗೆ ಆದಂತಲ್ಲ. ಪ್ರತಿಯೊಂದು ತಂತ್ರಾಂಶದ ಮೂಲ ಸಂಕೇತವನ್ನು ತಂದು, ತನ್ನ ಯಂತ್ರಕ್ಕೆ ಹೊಂದುವಂತೆ ತಿದ್ದಿ, ಯಂತ್ರಭಾಷೆಗೆ ಇಳಿಸಿ, ಸರಿಯಾದ ಜಾಗದಲ್ಲಿ ಇಡುವ ಕೆಲಸವನ್ನು ಬಳಸುವವನೇ ಮಾಡಿಕೊಳ್ಳಬೇಕಾಗಿತ್ತು.

ಈ ಕಷ್ಟ ನೀಗಲೆಂದು ಹುಟ್ಟಿದವೇ ವಿತರಣೆಗಳು, ಅಂದರೆ ಡಿಸ್ಟ್ರಿಬ್ಯೂಷನ್‌ಗಳು. 1992ರಲ್ಲಿ ಎಸ್‌ಎಲ್‌ಎಸ್ ಎಂಬ ವಿತರಣೆ ಫ್ಲಾಪಿಗಳ ಕಟ್ಟಾಗಿ ಬಂತು. 1993ರ ಜುಲೈನಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲಾಕ್‌ವೇರ್ ಹೊರಬಂತು. ಎಸ್‌ಎಲ್‌ಎಸ್‌ನಲ್ಲಿ ದೋಷಗಳು ಬಹಳವಿದ್ದವು. ಅದರಿಂದ ಬೇಸತ್ತವರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಒಬ್ಬರು. 1993ರ ಆಗಸ್ಟ್ 16ರಂದು ಅವರು ಹೊಸ ವಿತರಣೆಯೊಂದನ್ನು ಘೋಷಿಸಿದರು. ತಮ್ಮ ಗೆಳತಿ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತಮ್ಮ ಹೆಸರನ್ನು ಸೇರಿಸಿ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟರು.

ಮರ್ಡಾಕ್ ಅವರ ಮುಖ್ಯ ವಿಚಾರ ತಾಂತ್ರಿಕವಾದುದಲ್ಲ, ಕೆಲಸದ ಹಂಚಿಕೆಗೆ ಸಂಬಂಧಿಸಿದ್ದು. ಒಬ್ಬನೇ ಎಲ್ಲವನ್ನೂ ಕಟ್ಟಲು ಹೋದರೆ ಯಾವುದೂ ನೆಟ್ಟಗಾಗುವುದಿಲ್ಲ. ಬದಲಿಗೆ ವ್ಯವಸ್ಥೆಯನ್ನು ಸಣ್ಣ ಸಣ್ಣ ಪ್ಯಾಕೇಜುಗಳಾಗಿ ಒಡೆದು, ಒಂದೊಂದನ್ನು ಒಬ್ಬೊಬ್ಬರಿಗೆ ವಹಿಸಿಕೊಟ್ಟರೆ? ಅದರ ಒಳಹೊರಗನ್ನು ಬಲ್ಲವನೇ ಅದನ್ನು ನೋಡಿಕೊಳ್ಳುತ್ತಾನೆ. ಹಾಗೆ ನೋಡಿಕೊಳ್ಳುವವನಿಗೆ ಮೇಂಟೇನರ್ ಎಂದು ಹೆಸರು. ನಮ್ಮ ಮಾತಿನಲ್ಲಿ ಪಾಲಕ ಎನ್ನೋಣ.

ಆದರೆ ಹತ್ತು ಊರಿನ ಹತ್ತು ಜನ ಕಟ್ಟಿದ ಪೊಟ್ಟಣಗಳು ಒಂದೇ ಚೀಲದಲ್ಲಿ ಹೊಂದಿಕೊಳ್ಳಬೇಕಾದರೆ ಕಟ್ಟುವ ಕ್ರಮ ಒಂದೇ ಆಗಿರಬೇಕಷ್ಟೆ. ಪ್ಯಾಕೇಜುಗಳನ್ನು ಬಿಚ್ಚಿ ಯಂತ್ರದಲ್ಲಿ ಕೂಡಿಸುವುದಕ್ಕೆ ಡಿಪಿಕೆಜಿ ಎಂಬ ಸಾಧನ ಹುಟ್ಟಿತು. ಇಯಾನ್ ಜ್ಯಾಕ್ಸನ್ 1994ರಲ್ಲಿ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಸಾಧನದ ಬೆನ್ನಿಗೇ ನಿಯಮಗಳು ಬಂದವು. ನಿಯಮಗಳು ಬಂದಮೇಲೆ ಅವನ್ನು ಹೊಸಬರಿಗೆ ಕಲಿಸುವ ಅಗತ್ಯವೂ ಬಂತು.

‘ಹಲೋ’ ಎಂಬ ಮೊದಲ ಪಾಠ

ಕನ್ನಡ ಶಾಲೆಯಲ್ಲಿ ‘ಅ’ ಅಕ್ಷರ ಇರುವಂತೆ, ಈ ಪಾಠಶಾಲೆಯಲ್ಲಿ ಗ್ನು ಹಲೋ ಎಂಬ ಪುಟ್ಟ ತಂತ್ರಾಂಶವಿದೆ. ಅದನ್ನು ನಡೆಸಿದರೆ ಜಗತ್ತಿಗೆ ನಮಸ್ಕಾರ ಹೇಳುವ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ, ಅಷ್ಟೇ. ಯಾರಿಗೂ ಅದರಿಂದ ಬೇರೆ ಪ್ರಯೋಜನವಿಲ್ಲ. ಒಂದು ತಂತ್ರಾಂಶವನ್ನು ಹೇಗೆ ಅಚ್ಚುಕಟ್ಟಾಗಿ ಇಡಬೇಕೆಂದು ತೋರಿಸುವುದಕ್ಕೇ ಅದು ಇರುವುದು. ಡೆಬಿಯನ್‌ನಲ್ಲಿ ಅದರ ಪ್ಯಾಕೇಜೂ ಮಾದರಿಗೆಂದೇ ಇದೆ.

ಪಾಠ ಆರಂಭವಾಗುವುದು ತಂತ್ರಾಂಶವನ್ನು ಬರೆದ ಮೂಲ ಲೇಖಕರ ಸಂಕೇತದಿಂದ. ಅದನ್ನು ಮುಟ್ಟದೆ ಹಾಗೆಯೇ ಇಟ್ಟು, ಪಕ್ಕದಲ್ಲಿ ‘ಡೆಬಿಯನ್’ ಎಂಬ ಒಂದು ಕಡತಕೋಶವನ್ನು ಮಾಡಬೇಕು. ಪಾಲಕ ಬರೆಯುವುದೆಲ್ಲ ಈ ಕೋಶದೊಳಗೆ. ಲೇಖಕರದು ಯಾವುದು, ಕಟ್ಟಿದವನದು ಯಾವುದು ಎಂಬ ಗೆರೆ ಮೊದಲ ದಿನವೇ ಬೀಳುತ್ತದೆ. ಈ ಗೆರೆ ಎಷ್ಟು ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಕೋಶದೊಳಗೆ ನಾಲ್ಕು ಮುಖ್ಯ ಕಡತಗಳಿರುತ್ತವೆ. ಮೊದಲನೆಯದು ‘ಕಂಟ್ರೋಲ್’. ಪ್ಯಾಕೇಜಿನ ಹೆಸರು, ಪಾಲಕನ ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಅದಕ್ಕೆ ಬೇರೆ ಯಾವ ಪ್ಯಾಕೇಜುಗಳ ನೆರವು ಬೇಕು ಎಂಬ ಪಟ್ಟಿ ಇದರಲ್ಲಿ. ಎರಡನೆಯದು ‘ಚೇಂಜ್‌ಲಾಗ್’, ಅಂದರೆ ಬದಲಾವಣೆಗಳ ದಿನಚರಿ. ಯಾವ ದಿನ, ಯಾರು, ಏನನ್ನು, ಏಕೆ ಬದಲಿಸಿದರು ಎಂಬುದನ್ನು ಹೆಸರು ಸಮೇತ ಬರೆಯಬೇಕು. ಮೂರನೆಯದು ‘ಕಾಪಿರೈಟ್’. ಈ ಸಂಕೇತದ ಹಕ್ಕು ಯಾರದು, ಯಾವ ಷರತ್ತಿನ ಮೇಲೆ ಹಂಚುತ್ತಿದ್ದೇವೆ ಎಂಬ ಲೆಕ್ಕ ಇದರಲ್ಲಿರುತ್ತದೆ. ನಾಲ್ಕನೆಯದು ‘ರೂಲ್ಸ್’. ಮೂಲ ಸಂಕೇತದಿಂದ ಪ್ಯಾಕೇಜನ್ನು ತಯಾರಿಸುವ ವಿಧಾನವನ್ನು ಯಂತ್ರಕ್ಕೆ ಹೇಳುವುದು ಇದೇ.

ಹೊಸಬರು ಸಾಮಾನ್ಯವಾಗಿ ರೂಲ್ಸ್ ಕಡತಕ್ಕೆ ಹೆದರುತ್ತಾರೆ, ಕಾಪಿರೈಟ್ ಕಡತವನ್ನು ಅಲಕ್ಷಿಸುತ್ತಾರೆ. ಕಲಿಸುವವರು ಹೇಳುವುದು ಇದಕ್ಕೆ ತಿರುಗುಮುರುಗು. ರೂಲ್ಸ್ ಬರೆಯುವ ಶ್ರಮವನ್ನು ಸಾಧನಗಳು ಬಹಳಷ್ಟು ತಗ್ಗಿಸಿವೆ. 1997ರಲ್ಲಿ ಜೋಯಿ ಹೆಸ್ ಆರಂಭಿಸಿದ ಡೆಬ್‌ಹೆಲ್ಪರ್ ಎಂಬ ಸಾಧನ ಬೆಳೆದು, 2008ರ ಹೊತ್ತಿಗೆ ಸರಳ ಪ್ಯಾಕೇಜಿನ ರೂಲ್ಸ್ ಕಡತ ಮೂರೇ ಸಾಲಿಗೆ ಇಳಿಯಿತು. ಆದರೆ ಒಂದೊಂದು ಕಡತದ ಹಕ್ಕು ಯಾರದೆಂದು ಓದಿ ನೋಡುವ ಕೆಲಸವನ್ನು ಯಾವ ಸಾಧನವೂ ಪೂರ್ತಿಯಾಗಿ ಮಾಡಿಕೊಡಲಾರದು. ಹೊಸ ಪ್ಯಾಕೇಜು ಡೆಬಿಯನ್ ಭಂಡಾರದ ಬಾಗಿಲಿಗೆ ಬಂದಾಗ ಅಲ್ಲಿನ ಪರಿಶೀಲಕರು ವಿಶೇಷವಾಗಿ ನೋಡುವುದೂ ಇದನ್ನೇ.

ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ಬಳಸುವವನು ತನ್ನ ಯಂತ್ರದಲ್ಲಿ ಒಂದು ತಂತ್ರಾಂಶದ ಹೊಂದಾಣಿಕೆಯ ಕಡತವನ್ನು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತಾನೆ. ನಾಳೆ ಅದೇ ಪ್ಯಾಕೇಜಿನ ಹೊಸ ಆವೃತ್ತಿ ಬಂದಾಗ ಆ ತಿದ್ದುಪಡಿಯನ್ನು ಅಳಿಸಿಹಾಕಬಾರದು ಎನ್ನುತ್ತದೆ ಡೆಬಿಯನ್‌ನ ನಿಯಮಾವಳಿ. ಅತಿಥಿಯಾಗಿ ಹೋದವನು ಮನೆಯವರ ಕುರ್ಚಿ ಮೇಜುಗಳನ್ನು ತನ್ನಿಷ್ಟಕ್ಕೆ ಸರಿಸಬಾರದಲ್ಲವೇ? ಇದು ತಂತ್ರದ ಪಾಠವೆಂದು ಹೇಳಿಕೊಡುವುದಾದರೂ ನಿಜವಾಗಿ ನಡತೆಯ ಪಾಠ.

ಎಲ್ಲ ಬರೆದಾದ ಮೇಲೆ ಪ್ಯಾಕೇಜನ್ನು ಒಂದು ‘ಸ್ವಚ್ಛ ಕೋಣೆ’ಯಲ್ಲಿ ತಯಾರಿಸಿ ನೋಡಬೇಕು. ಕಟ್ಟುವವನ ಯಂತ್ರದಲ್ಲಿ ಅವನಿಗೆ ಬೇಕಾದದ್ದೆಲ್ಲ ಮೊದಲೇ ಇರುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅವಲಂಬನೆಯ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಏನೂ ಇಲ್ಲದ ಬರಿಯ ವ್ಯವಸ್ಥೆಯಲ್ಲಿ ಕಟ್ಟಿದಾಗ ತಪ್ಪು ತಾನಾಗಿ ಬಯಲಾಗುತ್ತದೆ. ಅನಂತರ ಲಿಂಟಿಯನ್ ಎಂಬ ಪರೀಕ್ಷಾ ಸಾಧನ ಪ್ಯಾಕೇಜಿನ ಮೂಲೆಮೂಲೆ ತಡಕಿ ದೋಷಗಳ ಪಟ್ಟಿ ಕೊಡುತ್ತದೆ. ಹೊಸಬನ ಮೊದಲ ಪ್ಯಾಕೇಜಿಗೆ ಆ ಪಟ್ಟಿ ಸಾಕಷ್ಟು ಉದ್ದವಾಗಿಯೇ ಇರುತ್ತದೆ.

ಪಾಠ ಪುಸ್ತಕವಾದಾಗ

1996ರ ಜೂನ್‌ನಲ್ಲಿ ಡೆಬಿಯನ್ 1.1 ಬಿಡುಗಡೆಯಾದಾಗ ಅದರಲ್ಲಿದ್ದುದು 474 ಪ್ಯಾಕೇಜುಗಳು. ಎರಡು ವರ್ಷ ಕಳೆದು 1998ರ ಜುಲೈನಲ್ಲಿ 2.0 ಆವೃತ್ತಿ ಬರುವಷ್ಟರಲ್ಲಿ ಅವು 1,500ನ್ನು ದಾಟಿದ್ದವು. ಕಟ್ಟುವವರು 400ಕ್ಕೂ ಹೆಚ್ಚು ಜನ. ಇಷ್ಟು ಮಂದಿಗೆ ಒಬ್ಬರ ಪಕ್ಕ ಒಬ್ಬರು ಕುಳಿತು ಹೇಳಿಕೊಡುವುದು ಸಾಧ್ಯವಿರಲಿಲ್ಲ, ಏಕೆಂದರೆ ಅವರು ಬೇರೆ ಬೇರೆ ದೇಶಗಳಲ್ಲಿ ಚದುರಿದ್ದರು. ಹಾಗಾಗಿ ಪಾಠ ಅಕ್ಷರಕ್ಕೆ ಇಳಿಯಿತು.

1997ರಲ್ಲಿ ಜಲಧರ್ ವ್ಯಾಸ್ ಒಂದು ಕೈಪಿಡಿ ಬರೆದರು. ಅದೇ ವರ್ಷ ವಿಲ್ ಲೋವ್ ಹೊಸ ಪಾಲಕರಿಗಾಗಿ ಇನ್ನೊಂದನ್ನು ಬರೆದರು. ಇವೆರಡನ್ನೂ ಮಾದರಿಯಾಗಿಟ್ಟುಕೊಂಡು ಯೋಸಿಪ್ ರೋಡಿನ್ 1998ರಿಂದ ‘ಹೊಸ ಪಾಲಕರ ಮಾರ್ಗದರ್ಶಿ’ಯನ್ನು ಬರೆದರು. ಮುಂದೆ ಜಪಾನಿನ ಒಸಾಮು ಅವೋಕಿ ಮೊದಲಾದವರು ಅದನ್ನು ತಿದ್ದಿ ಬೆಳೆಸಿದರು. ಹಲವು ಭಾಷೆಗಳಿಗೆ ಅದು ಅನುವಾದವಾಯಿತು. ಆ ಮಾರ್ಗದರ್ಶಿಯಲ್ಲಿ ಉದಾಹರಣೆಗೆಂದು ಆರಿಸಿಕೊಂಡದ್ದು ಜೆಂಟೂ ಎಂಬ ಹೆಸರಿನ, ಕಡತಗಳನ್ನು ನೋಡಿಕೊಳ್ಳುವ ಒಂದು ತಂತ್ರಾಂಶ. ಅದೇ ಹೆಸರಿನ ಬೇರೊಂದು ಲಿನಕ್ಸ್ ವಿತರಣೆ ಆಮೇಲೆ ಪ್ರಸಿದ್ಧವಾದುದರಿಂದ ಕಲಿಯುವವರಿಗೆ ಗೊಂದಲವಾಗುವ ಒಂದು ತಮಾಷೆಯೂ ಸೇರಿಕೊಂಡಿತು.

ಇತ್ತ ರೆಡ್ ಹ್ಯಾಟ್ ಎಂಬ ಕಂಪನಿಯ ಪಾಳಯದಲ್ಲಿ ಮಾರ್ಕ್ ಯೂವಿಂಗ್ ಮತ್ತು ಎರಿಕ್ ಟ್ರೋನ್ 1995ರಲ್ಲಿ ಆರ್‌ಪಿಎಂ ಎಂಬ ಬೇರೆ ಪದ್ಧತಿಯನ್ನು ತಂದರು. ಅದನ್ನು ಕಲಿಸುವುದಕ್ಕಾಗಿ ಎಡ್ವರ್ಡ್ ಬೇಯ್ಲಿ ಬರೆದ ‘ಮ್ಯಾಕ್ಸಿಮಮ್ ಆರ್‌ಪಿಎಂ’ ಎಂಬ ಪುಸ್ತಕ 1997ರಲ್ಲಿ ಅಚ್ಚಾಯಿತು. ದಾರ ಬೇರೆ, ಗಂಟು ಬೇರೆ. ಆದರೆ ಎರಡೂ ಕಡೆಯ ಪಾಠದ ತಿರುಳು ಒಂದೇ. ಮೂಲ ಸಂಕೇತವನ್ನು ಕೆಡಿಸಬೇಡ, ನೀನು ಮಾಡಿದ್ದನ್ನು ಬರೆದಿಡು, ಇನ್ನೊಬ್ಬರು ಅದೇ ದಾರಿಯಲ್ಲಿ ನಡೆದರೆ ಅದೇ ಜಾಗ ಮುಟ್ಟುವಂತಿರಲಿ.

ಬಾಗಿಲು ಮುಚ್ಚಿತು, ತೆರೆಯಿತು

ಆರಂಭದ ದಿನಗಳಲ್ಲಿ ಡೆಬಿಯನ್ ಸೇರುವುದು ಸುಲಭವಾಗಿತ್ತು. ಜನ ಹೆಚ್ಚಿದಂತೆ ಆತಂಕವೂ ಹೆಚ್ಚಿತು. ಪ್ಯಾಕೇಜು ಯಂತ್ರದಲ್ಲಿ ಕೂರುವಾಗ ಅದಕ್ಕೆ ಪೂರ್ಣಾಧಿಕಾರವಿರುತ್ತದೆ. ದುರುದ್ದೇಶದ ಒಬ್ಬ ಪಾಲಕ, ಅಥವಾ ಬರಿಯ ಅಜಾಗರೂಕ ಪಾಲಕ, ಸಾವಿರಾರು ಯಂತ್ರಗಳನ್ನು ಕೆಡಿಸಬಲ್ಲ. 1999ರ ಕೊನೆಯಲ್ಲಿ ಡೆಬಿಯನ್ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. 2000ದಲ್ಲಿ ಬಾಗಿಲು ಮತ್ತೆ ತೆರೆದಾಗ ಒಳಗೆ ಹೋಗಲು ಒಂದು ಕ್ರಮ ಏರ್ಪಟ್ಟಿತ್ತು.

ಆ ಕ್ರಮ ಹೀಗೆ. ಮೊದಲು ಹಳಬರೊಬ್ಬರು ಇವರು ಯೋಗ್ಯರೆಂದು ಶಿಫಾರಸು ಮಾಡಬೇಕು. ಅಭ್ಯರ್ಥಿ ತನ್ನ ಗುರುತನ್ನು ಸ್ಥಾಪಿಸಬೇಕು. ಅದಕ್ಕಾಗಿ ಡೆಬಿಯನ್‌ನ ಸದಸ್ಯರೊಬ್ಬರನ್ನು ಮುಖತಃ ಕಂಡು, ಸರ್ಕಾರಿ ಗುರುತುಪತ್ರ ತೋರಿಸಿ, ತನ್ನ ಡಿಜಿಟಲ್ ಮುದ್ರೆಗೆ ಅವರ ಸಹಿ ಪಡೆಯುವುದು ವಾಡಿಕೆ. ಆಮೇಲೆ ಒಬ್ಬ ಪರೀಕ್ಷಕರು ಅಂಚೆಯ ಮೂಲಕ ಪ್ರಶ್ನೆಗಳನ್ನು ಕಳಿಸುತ್ತಾರೆ. ವಿಶೇಷವೆಂದರೆ ಮೊದಲ ಪ್ರಶ್ನೆಗಳು ತಂತ್ರದ ಬಗ್ಗೆ ಅಲ್ಲ. ಡೆಬಿಯನ್ 1997ರಲ್ಲಿ ಒಪ್ಪಿಕೊಂಡ ‘ಸಾಮಾಜಿಕ ಒಪ್ಪಂದ’ ಏನು ಹೇಳುತ್ತದೆ, ಈ ಷರತ್ತಿರುವ ತಂತ್ರಾಂಶ ಮುಕ್ತವೆನಿಸುತ್ತದೆಯೇ, ಬೇರೆ ಪಾಲಕರು ನಾಪತ್ತೆಯಾದರೆ ನೀನೇನು ಮಾಡುವೆ ಎಂಬಂಥವು. ಆಮೇಲೆ ಕೌಶಲದ ಪರೀಕ್ಷೆ. ಕೆಲವರಿಗೆ ಇದು ತಿಂಗಳುಗಳಲ್ಲಿ ಮುಗಿದರೆ, ಕೆಲವರಿಗೆ ವರ್ಷಗಳೇ ಹಿಡಿದದ್ದುಂಟು.

ಅಲ್ಲಿಯವರೆಗೆ ಹೊಸಬ ಸುಮ್ಮನೆ ಕೂರಬೇಕಾಗಿಲ್ಲ. ಅವನು ಕಟ್ಟಿದ ಪ್ಯಾಕೇಜನ್ನು ಹಳಬರೊಬ್ಬರು ತೆರೆದು ನೋಡಿ, ತಪ್ಪು ಹೇಳಿ, ತಿದ್ದಿಸಿ, ಕೊನೆಗೆ ತಮ್ಮ ಮುದ್ರೆ ಒತ್ತಿ ಭಂಡಾರಕ್ಕೆ ಸೇರಿಸುತ್ತಾರೆ. ಇವರಿಗೆ ಸ್ಪಾನ್ಸರ್ ಎನ್ನುತ್ತಾರೆ. ಹಳೆಯ ಗರಡಿಮನೆಯ ಉಸ್ತಾದನಂತೆ ಇವರ ಪಾತ್ರ. ನೂರು ಪುಟದ ಕೈಪಿಡಿ ಕಲಿಸದ್ದನ್ನು ಇವರ ಒಂದು ಟಿಪ್ಪಣಿ ಕಲಿಸುತ್ತದೆ.

ಆದರೂ ಪರದೆಯ ಹಿಂದಿನ ಮನುಷ್ಯ ಯಾರೆಂದು ಪೂರ್ತಿ ತಿಳಿಯುವುದಿಲ್ಲ ಎಂಬುದಕ್ಕೆ ಅದೇ ವರ್ಷ ಮನ ಕಲಕುವ ಒಂದು ನಿದರ್ಶನ ಸಿಕ್ಕಿತು. ಎಸ್ಪಿ ಎಂಬ ಅಡ್ಡಹೆಸರಿನ ಜೋಯಲ್ ಕ್ಲೆಕ್ಕರ್, ಲಿನಕ್ಸ್‌ನ ಬುನಾದಿಯಂತಿರುವ ಜಿಲಿಬ್‌ಸಿ ಎಂಬ ತಂತ್ರಾಂಶದ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದ ತರುಣ. 2000ದ ಜುಲೈ 11ರಂದು, 21ನೇ ವಯಸ್ಸಿನಲ್ಲಿ ಆತ ತೀರಿಕೊಂಡಾಗಲೇ ಜೊತೆಗಾರರಲ್ಲಿ ಹೆಚ್ಚಿನವರಿಗೆ ಗೊತ್ತಾದದ್ದು, ಆತ ಸ್ನಾಯುಗಳನ್ನು ಕ್ಷಯಿಸುವ ಡುಷೆನ್ ಕಾಯಿಲೆಯಿಂದ ನರಳುತ್ತಿದ್ದ ಎಂಬುದು. ಮುಂದಿನ ತಿಂಗಳು ಹೊರಬಂದ ಡೆಬಿಯನ್ 2.2 ಆವೃತ್ತಿಯನ್ನು ಆತನ ನೆನಪಿಗೆ ಅರ್ಪಿಸಲಾಯಿತು. ದೇಹ ಸಹಕರಿಸದವನಿಗೂ ಅಲ್ಲಿ ದೊಡ್ಡ ಕೆಲಸ ಸಿಕ್ಕಿತ್ತು. ಅವನನ್ನು ಅಳೆದದ್ದು ಅವನ ಕೆಲಸದಿಂದ ಮಾತ್ರ.

ಒಂದು ಒತ್ತಕ್ಷರದ ಹಿಂದೆ

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ‘ಸ್ತ್ರೀ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಸ, ತ, ರ ಎಂಬ ಮೂರು ವ್ಯಂಜನಗಳ ಮೇಲೆ ಈಕಾರ ಏರಿ ಕುಳಿತಿದೆ. ಲಿನಕ್ಸ್ ಯಂತ್ರದಲ್ಲಿ ಇದು ಒಡೆಯದೆ ಮೂಡಬೇಕಾದರೆ ಅಕ್ಷರದ ಆಕಾರವುಳ್ಳ ಫಾಂಟು ಬೇಕು. ಒತ್ತು ಎಲ್ಲಿ, ಗುಣಿತ ಎಲ್ಲಿ ಎಂದು ಜೋಡಿಸುವ ಹಾರ್ಫ್‌ಬಜ್‌ನಂಥ ತಂತ್ರಾಂಶ ಬೇಕು. ಇವೆಲ್ಲ ಬೇರೆ ಬೇರೆ ಪ್ಯಾಕೇಜುಗಳು. ಅವಲಂಬನೆಯ ಪಟ್ಟಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕೇದಗೆ, ಮಲ್ಲಿಗೆ ಎಂಬ ಫಾಂಟುಗಳು, ಲೋಹಿತ್ ಕನ್ನಡ, ಗುಬ್ಬಿ, ನವಿಲು ಇವೆಲ್ಲ ಡೆಬಿಯನ್ ಭಂಡಾರದಲ್ಲಿ ಪ್ಯಾಕೇಜುಗಳಾಗಿ ಸೇರಿವೆ. ಡೆಬಿಯನ್ ಅನುಸ್ಥಾಪಿಸುವಾಗ ಚಿತ್ರರೂಪದ ತೆರೆಯಲ್ಲಿ ಬರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಕಾಯದೆ ಒಂದು ಭಾಷೆ ತನ್ನ ಜಾಗವನ್ನು ತಾನೇ ಮಾಡಿಕೊಳ್ಳಬೇಕಾದರೆ ಆ ಭಾಷೆ ಬಲ್ಲವರಲ್ಲಿ ಕೆಲವರಾದರೂ ಪೊಟ್ಟಣ ಕಟ್ಟಲು ಕಲಿತಿರಬೇಕು. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ವಾರ್ಷಿಕ ವಿಶ್ವಸಮ್ಮೇಳನ ನೆರೆಯ ಕೇರಳದ ಕೊಚ್ಚಿಯಲ್ಲಿಯೇ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು.

ಎರಡು ಸಾಲಿನ ಬೆಲೆ

ಒಳ್ಳೆಯ ಉದ್ದೇಶ, ಅನುಭವ ಎರಡೂ ಇದ್ದರೂ ತಪ್ಪು ನಡೆಯಬಹುದು. ಓಪನ್‌ಎಸ್‌ಎಸ್‌ಎಲ್ ಎಂಬುದು ಗುಟ್ಟಿನ ಸಂದೇಶಗಳಿಗೆ ಬೀಗ ಹಾಕುವ ತಂತ್ರಾಂಶ. ಬೀಗದಕೈ ಯಾರ ಊಹೆಗೂ ನಿಲುಕದಂತಿರಬೇಕಾದರೆ ಅದನ್ನು ತಯಾರಿಸುವಾಗ ಯದ್ವಾತದ್ವಾ ಸಂಖ್ಯೆಗಳನ್ನು ಕಲಸಬೇಕು. 2006ರಲ್ಲಿ ಡೆಬಿಯನ್ ಪ್ಯಾಕೇಜನ್ನು ಪರೀಕ್ಷಿಸುವಾಗ ಒಂದು ಸಾಧನ ಎರಡು ಸಾಲುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು. ಮೂಲ ಲೇಖಕರ ಬಳಗದಲ್ಲಿ ವಿಚಾರಿಸಿದ ಮೇಲೆ ಆ ಸಾಲುಗಳನ್ನು ಡೆಬಿಯನ್ ಪ್ಯಾಕೇಜಿನಲ್ಲಿ ನಿಷ್ಕ್ರಿಯಗೊಳಿಸಲಾಯಿತು. ಕೇಳಿದ ಪ್ರಶ್ನೆ ಒಂದು ಅರ್ಥದ್ದು, ಬಂದ ಉತ್ತರ ಇನ್ನೊಂದು ಅರ್ಥದ್ದಾಗಿತ್ತು.

ಅದರ ಪರಿಣಾಮ ಭಯಂಕರ. ಸಂಖ್ಯೆಗಳ ಕಲಸುವಿಕೆಯೇ ನಿಂತುಹೋಗಿ, ಒಂದು ಬಗೆಯ ಬೀಗಕ್ಕೆ 32,768 ಕೈಗಳು ಮಾತ್ರ ಸಾಧ್ಯವಾದವು. ಒಂದೊಂದನ್ನೇ ಹಾಕಿ ನೋಡಲು ಕಂಪ್ಯೂಟರಿಗೆ ಎಷ್ಟು ಹೊತ್ತು? 2008ರ ಮೇ 13ರಂದು, ಲುಸಿಯಾನೊ ಬೆಲ್ಲೊ ಎಂಬ ಡೆಬಿಯನ್ ಸದಸ್ಯರು ಇದನ್ನು ಕಂಡುಹಿಡಿದ ಸಂಗತಿಯನ್ನು ಡೆಬಿಯನ್ ತಾನೇ ಜಗತ್ತಿಗೆ ಸಾರಿತು. ಸುಮಾರು 20 ತಿಂಗಳು ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟು ಯಂತ್ರಗಳಲ್ಲಿ ತಯಾರಾದ ಬೀಗದಕೈಗಳನ್ನು ಬದಲಿಸಬೇಕಾಯಿತು.

ಮೂಲ ಸಂಕೇತಕ್ಕೂ ಪಾಲಕನ ಬದಲಾವಣೆಗೂ ನಡುವಿನ ಆ ಗೆರೆಯ ಬೆಲೆ ಈಗ ಎಲ್ಲರಿಗೂ ಅರ್ಥವಾಯಿತು. ಹೊಸಬರಿಗೆ ಕೊಡುವ ಉಪದೇಶಕ್ಕೂ ತೂಕ ಬಂತು. ನಿನಗೆ ಅರ್ಥವಾಗದ ಸಾಲನ್ನು ಮುಟ್ಟಬೇಡ. ಮುಟ್ಟಲೇಬೇಕಾದರೆ ಬದಲಾವಣೆಯನ್ನು ಪ್ರತ್ಯೇಕ ತೇಪೆಯಾಗಿ, ಕಾರಣ ಬರೆದು ಇಡು. ಮೂಲ ಲೇಖಕರಿಗೂ ಅದನ್ನೇ ಕಳಿಸು. ಇವು ಯಾರೋ ಕುಳಿತು ಕಲ್ಪಿಸಿದ ನಿಯಮಗಳಲ್ಲ. ಕೈ ಸುಟ್ಟುಕೊಂಡವರು ಬರೆದಿಟ್ಟವು.

ಅರೆ ಸೆಕೆಂಡಿನ ವಿಳಂಬ

ಈ ನಡುವೆ ಪಾಠಶಾಲೆ ಅಗಲವಾಗಿತ್ತು. 2004ರಲ್ಲಿ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕರೆತರಲೆಂದೇ ಡೆಬಿಯನ್ ವಿಮೆನ್ ಆರಂಭವಾಯಿತು. ಅದೇ ವರ್ಷ ಹುಟ್ಟಿದ ಉಬುಂಟು, ಪ್ಯಾಕೇಜು ಕಟ್ಟುವ ತನ್ನ ಸ್ವಯಂಸೇವಕರ ತಂಡಕ್ಕೆ ‘ಬ್ರಹ್ಮಾಂಡದ ಒಡೆಯರು’ ಎಂಬರ್ಥದ ಹೆಸರಿಟ್ಟು, ಅಂತರಜಾಲದಲ್ಲಿ ತರಗತಿಗಳನ್ನೇ ನಡೆಸಿತು. 2007ರಲ್ಲಿ ಡೆಬಿಯನ್ ತನ್ನ ಸದಸ್ಯರ ಮತದ ಮೂಲಕ, ಪೂರ್ಣ ಸದಸ್ಯತ್ವಕ್ಕೆ ಮೊದಲೇ ಆಯ್ದ ಪ್ಯಾಕೇಜುಗಳ ಹೊಣೆಯನ್ನು ಹೊಸಬರಿಗೆ ಒಪ್ಪಿಸುವ ನಡುವಿನ ಮೆಟ್ಟಿಲೊಂದನ್ನು ಕಟ್ಟಿತು.

ಆದರೆ 2024ರ ಮಾರ್ಚ್ 29ರಂದು ಹೊರಬಿದ್ದ ಸುದ್ದಿ ಎಲ್ಲರ ನಿದ್ದೆ ಕೆಡಿಸಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಡೆಬಿಯನ್‌ನ ಪ್ರಯೋಗದ ಹಂತದ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದಾಗ, ದೂರದ ಯಂತ್ರಕ್ಕೆ ಪ್ರವೇಶ ಪಡೆಯುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದರು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರೇನೋ. ಅವರು ಬೆನ್ನುಹತ್ತಿದರು. ಎಕ್ಸ್‌ಜಡ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಒಂದು ಕಳ್ಳಬಾಗಿಲು ಅಡಗಿತ್ತು.

ಅದನ್ನು ಇಟ್ಟವನು ಹೊರಗಿನಿಂದ ನುಗ್ಗಿದ ಕಳ್ಳನಲ್ಲ. ಜಿಯಾ ಟಾನ್ ಎಂಬ ಹೆಸರಿನಲ್ಲಿ 2021ರಲ್ಲಿ ಕಾಣಿಸಿಕೊಂಡು, ಸಣ್ಣಪುಟ್ಟ ಉಪಕಾರಗಳನ್ನು ಮಾಡುತ್ತ ಬಂದ ‘ಹೊಸಬ’. ಎಕ್ಸ್‌ಜಡ್ ಅನ್ನು ಬಹುಕಾಲದಿಂದ ನೋಡಿಕೊಂಡು ಬಂದ ಲಾಸ್ಸೆ ಕಾಲಿನ್ ಸಂಬಳವಿಲ್ಲದೆ ದುಡಿದು ದಣಿದಿದ್ದರು. ಕೆಲಸ ನಿಧಾನವಾಯಿತೆಂದು ಅಪರಿಚಿತ ಹೆಸರುಗಳಿಂದ ಅವರ ಮೇಲೆ ದೂರಿನ ಒತ್ತಡ ಬೇರೆ ಬಂತು. ಕೊನೆಗೆ ಅವರು ಹೊಸಬನೊಡನೆ ಹೊಣೆ ಹಂಚಿಕೊಂಡರು. 2024ರ ಫೆಬ್ರವರಿಯಲ್ಲಿ ಆ ಹೊಸಬನೇ ವಿಷ ಬೆರೆಸಿದ ಆವೃತ್ತಿಯನ್ನು ಬಿಡುಗಡೆ ಮಾಡಿದ. ಆ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಬಯಲಾಗಿಲ್ಲ.

ಪೊಟ್ಟಣ ಕಟ್ಟುವವರಿಗೆ ಇದರಲ್ಲಿ ಮೂರು ಪೆಟ್ಟುಗಳಿದ್ದವು. ಒಂದು, ವಿಷದ ಮುಖ್ಯ ಕೊಂಡಿ ಎಲ್ಲರೂ ನೋಡುವ ಸಂಕೇತದ ಬಹಿರಂಗ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಎರಡು, ತನ್ನನ್ನು ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಾಗಿ ಕಟ್ಟುತ್ತಿದ್ದಾರೆಯೇ ಎಂದು ಅದು ಪರೀಕ್ಷಿಸಿ ನೋಡುತ್ತಿತ್ತು. ಹೌದಾದರೆ ಮಾತ್ರ ಎಚ್ಚರಗೊಳ್ಳುತ್ತಿತ್ತು. ಮೂರು, ದೂರದ ಪ್ರವೇಶವನ್ನು ಕಾಯುವ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಜಡ್‌ಗೂ ಮೂಲದಲ್ಲಿ ಸಂಬಂಧವೇ ಇರಲಿಲ್ಲ. ಕೆಲವು ವಿತರಣೆಗಳ ಪಾಲಕರು ಅನುಕೂಲಕ್ಕೆಂದು ಹಾಕಿದ ಒಂದು ತೇಪೆಯಿಂದ ಆ ನಂಟು ಬೆಳೆದಿತ್ತು. ಕಳ್ಳ ನಡೆದು ಬಂದದ್ದು ಅದೇ ಸೇತುವೆಯ ಮೇಲೆ. ಸ್ಥಿರವೆಂದು ಬಿಡುಗಡೆಯಾದ ಡೆಬಿಯನ್ ಆವೃತ್ತಿಯನ್ನು ಅದು ಮುಟ್ಟುವ ಮೊದಲೇ ಸಿಕ್ಕಿಬಿದ್ದದ್ದು ಪುಣ್ಯ.

ಹಾಗಾದರೆ ಹೊಸಬರನ್ನು ದೂರವಿಡುವುದೇ ಕ್ಷೇಮವೇ? ಘಟನೆಯನ್ನು ಸರಿಯಾಗಿ ನೋಡಿದರೆ ಉತ್ತರ ಬೇರೆಯೇ ಇದೆ. ಕಾಲಿನ್ ಒಂಟಿಯಾಗಿದ್ದರು, ದಣಿದಿದ್ದರು. ನಂಬಿಕೆಗೆ ಅರ್ಹರಾದ ನಾಲ್ಕು ಜನ ಕಲಿತ ಕೈಗಳು ಪಕ್ಕದಲ್ಲಿದ್ದಿದ್ದರೆ ವಂಚಕನಿಗೆ ಆ ಖಾಲಿ ಜಾಗವೇ ಸಿಗುತ್ತಿರಲಿಲ್ಲ. ಹೊಸಬರು ಬಂದುದರಿಂದ ಅಪಾಯವಾಯಿತು ಎನ್ನುವುದಕ್ಕಿಂತ, ಬರಬೇಕಾದಷ್ಟು ಜನ ಬರಲಿಲ್ಲ ಎನ್ನುವುದೇ ಹೆಚ್ಚು ನಿಜ. ಮೋಸ ಪತ್ತೆಯಾದದ್ದು ಕೂಡ, ಬೇರೆಯವರು ಕಟ್ಟಿದ ಪೊಟ್ಟಣವನ್ನು ಬಿಚ್ಚಿ ನೋಡುವ ಹಕ್ಕು ಮತ್ತು ವಿದ್ಯೆ ಎರಡೂ ಒಬ್ಬರಲ್ಲಿ ಇದ್ದುದರಿಂದ.

ಒಂದೇ ಮೂಲದಿಂದ ಯಾರು, ಎಲ್ಲಿ ಕಟ್ಟಿದರೂ ಅಕ್ಷರ ವ್ಯತ್ಯಾಸವಿಲ್ಲದ ಪ್ಯಾಕೇಜು ಬರುವಂತೆ ಮಾಡುವ ಪ್ರಯತ್ನ ಡೆಬಿಯನ್‌ನಲ್ಲಿ 2013ರಿಂದಲೇ ನಡೆದಿದೆ. ಹೇಳಿದ ಮೂಲದಿಂದಲೇ ಪ್ಯಾಕೇಜು ಬಂದಿದೆಯೇ ಎಂದು ಮೂರನೆಯವರು ತಾಳೆ ನೋಡಲು ಇದು ದಾರಿ. ಮೂಲವೇ ಕೆಟ್ಟಿದ್ದರೆ ಅದನ್ನು ಹಿಡಿಯಲು ಮಾತ್ರ ಓದುವ ಕಣ್ಣುಗಳೇ ಬೇಕು.

ಇಯಾನ್ ಮರ್ಡಾಕ್ 2015ರ ಡಿಸೆಂಬರ್‌ನಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡರು. 2017ರ ಡೆಬಿಯನ್ 9ನೇ ಆವೃತ್ತಿ ಅವರ ನೆನಪಿಗೆ ಅರ್ಪಿತವಾಯಿತು. 2025ರ ಆಗಸ್ಟ್‌ನಲ್ಲಿ 13ನೇ ಆವೃತ್ತಿ ಹೊರಬಂದಾಗ ಪ್ಯಾಕೇಜುಗಳ ಸಂಖ್ಯೆ 69,830. ಅವರು ಕೆಲಸವನ್ನು ಹಂಚಿದ ರೀತಿ ಮಾತ್ರ ಬದಲಾಗಿಲ್ಲ. ಇಂದಿಗೂ ಹೊಸಬ ತನ್ನ ಮೊದಲ ಪ್ಯಾಕೇಜಿನ ಚೇಂಜ್‌ಲಾಗ್ ತೆರೆದಾಗ ಅಲ್ಲಿ ಒಂದು ಸಾಲು ಅವನಿಗಾಗಿ ಸಿದ್ಧವಾಗಿರುತ್ತದೆ: ‘ಮೊದಲ ಬಿಡುಗಡೆ’. ಅದರ ಕೆಳಗೆ ದಿನಾಂಕ ಹಾಕಿ, ತನ್ನ ಹೆಸರು ಬರೆಯಬೇಕು. ನಾಳೆ ಆ ಪೊಟ್ಟಣದಲ್ಲಿ ಕಲ್ಲು ಸಿಕ್ಕರೆ ಜನ ಕೇಳುವುದು ಆ ಹೆಸರನ್ನೇ.